ಕ್ಯಾಂಟರ್ಬರಿಯ ಸನ್ಯಾಸಿಗಳಿಗೆ ನೀರು ಎಲ್ಲಿಂದ ಬಂತು?

ಹಳೆಗಲ್ಲು:

ಇಂಗ್ಲೆಂಡಿನ ಕ್ಯಾಂಟರ್ಬರಿ ಕೆಥೆಡ್ರಲ್ ನೋಡಲು ಹೋಗುವ ನಮ್ಮವರು ಸಾಮಾನ್ಯವಾಗಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 1170ರಲ್ಲಿ ಕೊಲೆಯಾದ ಜಾಗವನ್ನು ಕಂಡು, ಬಣ್ಣದ ಗಾಜಿನ ಕಿಟಕಿಗಳ ಫೋಟೊ ತೆಗೆದುಕೊಂಡು ಹಿಂದಿರುಗುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಎರಡನೆಯ ಸಲ ಹೋದಾಗ ಉತ್ತರ ಬದಿಯಲ್ಲಿ ಕಮಾನುಗಳ ಮೇಲೆ ನಿಂತಿರುವ ಒಂದು ಪುಟ್ಟ ಗೋಪುರ ಕಣ್ಣಿಗೆ ಬಿತ್ತು. ಅದನ್ನು ಅಲ್ಲಿನವರು ‘ನೀರಿನ ಗೋಪುರ’ ಎನ್ನುತ್ತಾರೆ. ಅದರ ಕೆಳಭಾಗ 12ನೇ ಶತಮಾನದ್ದು. ಮೇಲ್ಭಾಗವನ್ನು 1400ರ ಆಸುಪಾಸಿನಲ್ಲಿ ಮತ್ತೆ ಕಟ್ಟಿದ್ದಾರೆ. ಒಂದು ಕಾಲದಲ್ಲಿ ಇಲ್ಲಿ ಸನ್ಯಾಸಿಗಳು ಕೈಮುಖ ತೊಳೆಯುವ ತೊಟ್ಟಿ ಇತ್ತು, ಅದಕ್ಕೆ ಊರ ಹೊರಗಿನ ಒರತೆಯಿಂದ ಸೀಸದ ಕೊಳವೆಯಲ್ಲಿ ನೀರು ಬರುತ್ತಿತ್ತು ಎಂದು ತಿಳಿದ ಮೇಲೆ ನನ್ನ ಕುತೂಹಲ ಪೂರ್ತಿಯಾಗಿ ಆ ಕಡೆಗೆ ತಿರುಗಿತು.

ಆಗ ಈ ಕೆಥೆಡ್ರಲ್ ಕ್ರೈಸ್ಟ್ ಚರ್ಚ್ ಎಂಬ ಬೆನೆಡಿಕ್ಟೈನ್ ಮಠದ ಭಾಗವಾಗಿತ್ತು. ಮಠದ ಆಡಳಿತ ನೋಡಿಕೊಳ್ಳುತ್ತಿದ್ದವನಿಗೆ ಪ್ರಯರ್ ಎಂದು ಹೆಸರು. 1150ರ ದಶಕದ ಆರಂಭದಿಂದ 1167ರಲ್ಲಿ ಸಾಯುವವರೆಗೆ ವಿಬರ್ಟ್ ಎಂಬಾತ ಇಲ್ಲಿ ಪ್ರಯರ್ ಆಗಿದ್ದ. ನೀರಿನ ವ್ಯವಸ್ಥೆ ಇವನ ಕಾಲದ್ದು. ಊರಿಂದ ಸುಮಾರು ಒಂದು ಮೈಲಿ ದೂರದ ನೀರನ್ನು ಮಠದ ಆವರಣಕ್ಕೆ ತಂದು, ಅಲ್ಲಿನ ಎಲ್ಲ ಮನೆಗಳಿಗೂ ಹಂಚಿದ ಎಂದು ಮಠದ ಮರಣಸ್ಮರಣೆಯ ಬರಹ ಅವನನ್ನು ಕೊಂಡಾಡುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷ್ಯವೂ ಇದೆ. ಈಡ್ವಿನ್ ಸಾಲ್ಟರ್ ಎಂಬ ಹಸ್ತಪ್ರತಿಯ ಕೊನೆಯಲ್ಲಿ ಎರಡು ಪುಟಗಳನ್ನು ಸೇರಿಸಿ ಬರೆದ ಒಂದು ದೊಡ್ಡ ಚಿತ್ರವೂ, ಇನ್ನೊಂದು ಸರಳವಾದ ರೇಖಾಚಿತ್ರವೂ ಉಳಿದುಬಂದಿವೆ. ಅವುಗಳಲ್ಲಿ ಒರತೆಯಿಂದ ಪಾಯಿಖಾನೆಯವರೆಗೆ ನೀರು ಹೋಗುವ ಹಾದಿಯನ್ನು ಬಣ್ಣದ ಗೆರೆಗಳಲ್ಲಿ ತೋರಿಸಲಾಗಿದೆ. ಎಂಟುನೂರೈವತ್ತು ವರ್ಷಗಳ ಹಿಂದಿನ ಒಂದು ನಳ ವ್ಯವಸ್ಥೆಯನ್ನು ಗೆರೆ ಹಿಡಿದು ಹಿಂಬಾಲಿಸಬಹುದಾದ ಜಾಗಗಳು ಜಗತ್ತಿನಲ್ಲಿ ಬಹಳ ಇಲ್ಲ.

ಚಿತ್ರದ ಪ್ರಕಾರ ಹಾದಿ ಹೀಗಿದೆ. ಪಟ್ಟಣದ ಈಶಾನ್ಯಕ್ಕೆ ಸುಮಾರು 1.2 ಕಿಲೋಮೀಟರ್ ದೂರದ ಎತ್ತರದ ನೆಲದಲ್ಲಿ ಒರತೆಗಳಿವೆ. ಆ ನೀರು ಮೊದಲು ಒಂದು ದುಂಡನೆಯ ಕಟ್ಟಡದಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿಂದ ಹೊರಟ ಕೊಳವೆ ಧಾನ್ಯದ ಹೊಲ, ದ್ರಾಕ್ಷಿ ತೋಟ, ಹಣ್ಣಿನ ತೋಟಗಳನ್ನು ದಾಟುತ್ತದೆ. ದಾರಿಯಲ್ಲಿ ಹೂಳು ತಂಗಲು ಐದು ತೊಟ್ಟಿಗಳಿವೆ. ಆಮೇಲೆ ಪಟ್ಟಣದ ಕಂದಕವನ್ನೂ ಕೋಟೆಗೋಡೆಯನ್ನೂ ದಾಟಿ ಮಠದೊಳಗೆ ಬರುತ್ತದೆ. ಒಳಗೆ ಮೊದಲು ನಾನು ಹೇಳಿದ ಗೋಪುರದ ತೊಟ್ಟಿ, ಅಲ್ಲಿಂದ ಊಟದ ಮನೆಯ ಬಾಗಿಲಿನ ಬಳಿಯ ತೊಟ್ಟಿ, ಅಡುಗೆಮನೆ, ಬ್ರೆಡ್ ಸುಡುವ ಮನೆ, ಬಿಯರ್ ತಯಾರಿಸುವ ಮನೆ, ಅತಿಥಿಗಳ ಮನೆ, ಸ್ನಾನದ ಮನೆ, ಮೀನಿನ ಕೊಳ ಹೀಗೆ ಕವಲೊಡೆಯುತ್ತದೆ. ಬಳಸಿ ಮಿಕ್ಕ ನೀರೂ ಚಾವಣಿಗಳ ಮಳೆನೀರೂ ದೊಡ್ಡ ಚರಂಡಿ ಸೇರಿ ಸನ್ಯಾಸಿಗಳ ಪಾಯಿಖಾನೆಯನ್ನು ತೊಳೆದುಕೊಂಡು ಹೊರಗೆ ಹೋಗುತ್ತವೆ.

ಇದರ ಬಗ್ಗೆ ತಿಳಿದವರು, ವಿಶೇಷವಾಗಿ ನೀರು ಸರಬರಾಜಿನಲ್ಲಿ ಕೆಲಸ ಮಾಡಿದವರು, ಏನು ಹೇಳುತ್ತಾರೆ ಎಂದು ಕೇಳುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಪಡಸಾಲೆ:

ವಿವರಕ್ಕೆ ಧನ್ಯವಾದಗಳು. ಆದರೆ ಒಂದು ಮೂಲಭೂತ ಪ್ರಶ್ನೆ. ಕ್ಯಾಂಟರ್ಬರಿಯ ಮಧ್ಯದಲ್ಲೇ ಸ್ಟೌರ್ ನದಿ ಹರಿಯುತ್ತದೆ. ನದಿ ಅಷ್ಟು ಹತ್ತಿರ ಇರುವಾಗ ಒಂದೂಕಾಲು ಕಿಲೋಮೀಟರ್ ದೂರದಿಂದ ಸೀಸದ ಕೊಳವೆ ಎಳೆಯುವ ದುಬಾರಿ ಕೆಲಸಕ್ಕೆ ಸನ್ಯಾಸಿಗಳು ಏಕೆ ಕೈ ಹಾಕಿದರು? ಇದು ಅಗತ್ಯವೋ, ಅಥವಾ ಶ್ರೀಮಂತ ಮಠವೊಂದರ ವೈಭವ ಪ್ರದರ್ಶನವೋ?

ನೀರಗಂಟಿ:

ಪಡಸಾಲೆಯವರ ಪ್ರಶ್ನೆ ಸರಿಯಾದ ಜಾಗದಲ್ಲೇ ತಟ್ಟಿದೆ. ಮೂವತ್ತು ವರ್ಷ ಕುಡಿಯುವ ನೀರಿನ ಯೋಜನೆಗಳಲ್ಲಿ ಕೆಲಸ ಮಾಡಿದವನಾಗಿ ಹೇಳುವುದಾದರೆ, ನೀರಿನ ಮೂಲವನ್ನು ಆರಿಸುವಾಗ ಎಷ್ಟು ಹತ್ತಿರ ಎಂದು ಕೇಳುವ ಮೊದಲು ಎಷ್ಟು ಎತ್ತರ ಎಂದು ಕೇಳಬೇಕು. ನದಿ ಪಟ್ಟಣದ ತಗ್ಗಿನಲ್ಲಿ ಹರಿಯುತ್ತದೆ. ಅದರ ನೀರನ್ನು ಅಡುಗೆಮನೆಗೆ ತರಬೇಕಾದರೆ ದಿನವೂ ಯಾರಾದರೂ ಹೊರಬೇಕು, ಇಲ್ಲವೇ ಯಂತ್ರದಿಂದ ಎತ್ತಬೇಕು. ಈಶಾನ್ಯದ ದಿಣ್ಣೆಯ ಮೇಲಿನ ಒರತೆ ಮಠಕ್ಕಿಂತ ಎತ್ತರದಲ್ಲಿದೆ. ಒಮ್ಮೆ ಕೊಳವೆ ಹಾಕಿದರೆ ಭೂಮಿಯ ಇಳಿಜಾರೇ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಇನ್ನೊಂದು ಕಾರಣವೂ ಇದೆ. ಜನವಸತಿಯ ನಡುವೆ ಹರಿದ ನದಿಗೆ ಚರ್ಮ ಹದ ಮಾಡುವವರ ತೊಟ್ಟಿಯ ನೀರು, ಕೊಟ್ಟಿಗೆಯ ಗಂಜಲ ಎಲ್ಲವೂ ಸೇರುತ್ತವೆ. ನೆಲದಿಂದ ಆಗ ತಾನೇ ಹೊರಟ ಒರತೆಯನ್ನು ಮುಚ್ಚಿದ ಕೊಳವೆಯಲ್ಲಿ ತಂದರೆ ಈ ಕಾಟವಿಲ್ಲ.

ಮುಚ್ಚಿದ ಕೊಳವೆ ಎಂಬುದು ಇಲ್ಲಿ ಮುಖ್ಯ. ತೆರೆದ ಕಾಲುವೆಯಾದರೆ ನೀರು ಉದ್ದಕ್ಕೂ ಇಳಿಯುತ್ತಲೇ ಹೋಗಬೇಕು. ನಡುವೆ ಒಂದು ಹಳ್ಳವೋ ಕಂದಕವೋ ಬಂದರೆ ಸೇತುವೆಯ ಮೇಲೆ ನೀರು ಹರಿಯುವ ದೋಣಿ ಕಟ್ಟಬೇಕು. ಒತ್ತಡ ತಾಳಬಲ್ಲ ಮುಚ್ಚಿದ ಕೊಳವೆಯಲ್ಲಿ ನೀರು ತಗ್ಗಿಗೆ ಇಳಿದು ಮತ್ತೆ ಏರುತ್ತದೆ, ಮೂಲದ ಮಟ್ಟವನ್ನು ಮೀರದಿದ್ದರೆ ಸಾಕು. ಹಾಗಾಗಿಯೇ ನೆಲದಡಿಯಲ್ಲಿ ಬಂದ ನೀರು ಗೋಪುರದ ಕಂಬದೊಳಗಿನಿಂದ ಮೇಲೇರಿ ಎತ್ತರದ ತೊಟ್ಟಿಗೆ ಬೀಳಲು ಸಾಧ್ಯವಾಯಿತು. ಹೀಗೆ ಮೇಲೇರಿದ ನೀರನ್ನು ಅಲ್ಲಿಂದ ಸುತ್ತಲಿನ ಕಟ್ಟಡಗಳಿಗೆ ಮತ್ತೆ ಇಳಿಸಬಹುದು. ನಮ್ಮ ಊರುಗಳ ಓವರ್‌ಹೆಡ್ ಟ್ಯಾಂಕ್ ಮಾಡುವ ಕೆಲಸವೂ ಇದೇ, ಪಂಪ್ ಒಂದು ಇಲ್ಲ ಅಷ್ಟೆ.

ವೈಭವ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನೂರರ ಮೇಲೆ ಸನ್ಯಾಸಿಗಳು, ಅವರ ಸೇವಕರು, ಬಂದುಹೋಗುವ ಅತಿಥಿಗಳು ಇರುವ ಜಾಗದಲ್ಲಿ ಬಾವಿ ಸೇದಿಯೇ ಬದುಕುವುದನ್ನು ಒಮ್ಮೆ ಊಹಿಸಿ ನೋಡಿ.

ಅಬ್ಬಿಮನೆ:

ಎಲ್ಲರಿಗೂ ನಮಸ್ಕಾರ. ಇತಿಹಾಸದ ವಿಷಯದಲ್ಲಿ ಮಾತನಾಡುವ ಅರ್ಹತೆ ನನಗಿಲ್ಲ. ಆದರೆ ಹಳೆಗಲ್ಲು ಅವರು ಐದು ಹೂಳುತೊಟ್ಟಿಗಳ ವಿಷಯ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಮಲೆನಾಡಿನ ನಮ್ಮ ಮನೆಗೆ ಇವತ್ತಿಗೂ ಗುಡ್ಡದ ಅಬ್ಬಿಯ ನೀರೇ ಬರುವುದು. ಅಜ್ಜನ ಕಾಲದಲ್ಲಿ ಅಡಿಕೆ ದಂಬೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಕೊಟ್ಟು ಕವೆಗೋಲಿನ ಮೇಲೆ ನೀರು ತರುತ್ತಿದ್ದರಂತೆ. ಈಗ ಕಪ್ಪು ಪೈಪು. ಗುರುತ್ವಾಕರ್ಷಣೆ ಹಗಲೂ ರಾತ್ರಿ ಕೆಲಸ ಮಾಡುತ್ತದೆ ಎಂದು ನೀರಗಂಟಿಯವರು ಬರೆದಿದ್ದಾರೆ. ನಿಜ, ಆದರೆ ಪೈಪಿನ ಹಿಂದೆ ಓಡಾಡುವ ಮನುಷ್ಯನೂ ಅಷ್ಟೇ ಕೆಲಸ ಮಾಡಬೇಕಾಗುತ್ತದೆ.

ಮಳೆಗಾಲದ ಮೊದಲ ವಾರದಲ್ಲಿ ಎಲೆ, ಮರಳು, ಒಮ್ಮೊಮ್ಮೆ ಏಡಿ ಬಂದು ಪೈಪಿನ ಬಾಯಿ ಕಟ್ಟುತ್ತದೆ. ಅದಕ್ಕಾಗಿ ಬಾಯಿಗೆ ತೂತು ಕೊರೆದ ತಗಡು ಕಟ್ಟುತ್ತೇವೆ. ಆದರೂ ನುಣ್ಣನೆಯ ಮಣ್ಣು ಒಳಗೆ ಬರುತ್ತದೆ, ಪೈಪು ಎಲ್ಲಿ ತಗ್ಗಿಗೆ ಇಳಿಯುತ್ತದೋ ಅಲ್ಲಿ ಕೂರುತ್ತದೆ. ಎಲ್ಲಿ ಏರುತ್ತದೋ ಆ ಏರಿನ ತುದಿಯಲ್ಲಿ ಗಾಳಿ ಹಿಡಿದುಕೊಳ್ಳುತ್ತದೆ. ಗಾಳಿ ಹಿಡಿದರೆ ಮೇಲೆ ಎಷ್ಟೇ ನೀರಿದ್ದರೂ ಮನೆಯ ನಲ್ಲಿಯಲ್ಲಿ ಬುಸ್ ಎಂಬ ಸದ್ದು ಮಾತ್ರ. ನಾವು ಮಧ್ಯೆ ಮಧ್ಯೆ ಸಣ್ಣ ತೊಟ್ಟಿ ಕಟ್ಟಿರುವುದು ಈ ಎರಡೂ ಕಾಟಕ್ಕೆ: ಹೂಳು ತಂಗಲಿ, ಗಾಳಿ ಹೊರಹೋಗಲಿ ಎಂದು. ಹಾಗಾಗಿ ಕ್ಯಾಂಟರ್ಬರಿಯ ಆ ಐದು ತೊಟ್ಟಿಗಳು ನೀರು ಶುದ್ಧಿಗೆ ಮಾತ್ರ ಇದ್ದವೋ, ಬೇರೆ ಉಪಯೋಗವೂ ಇತ್ತೋ ಎಂದು ತಿಳಿಯುವ ಆಸೆ. ತೊಟ್ಟಿಯನ್ನು ಖಾಲಿ ಮಾಡಿ ತೊಳೆಯುವ ವ್ಯವಸ್ಥೆ ಚಿತ್ರದಲ್ಲಿ ಕಾಣುತ್ತದೆಯೇ?

ಹಳೆಗಲ್ಲು:

ಅಬ್ಬಿಮನೆಯವರೇ, ಅರ್ಹತೆ ಇಲ್ಲ ಎಂದು ದಯವಿಟ್ಟು ಹೇಳಬೇಡಿ. ನಿಮ್ಮ ಪತ್ರ ಓದಿದ ಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಪ್ರತಿ ತೊಟ್ಟಿಯಲ್ಲೂ ಒಳಬರುವ ಕೊಳವೆ, ಹೊರಹೋಗುವ ಕೊಳವೆಗಳಲ್ಲದೆ ಬಗ್ಗಡವನ್ನು ಹೊರಬಿಡುವ ಬೇರೆಯೇ ಒಂದು ಕೊಳವೆಯೂ ಇದೆ. ಅದಕ್ಕೆ ‘ಶುಚಿ ಮಾಡುವುದು’ ಎಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಕೊಟ್ಟಿದ್ದಾರೆ. ಇನ್ನು ನಿಮ್ಮ ತೂತಿನ ತಗಡು: ಒರತೆಯ ಕಟ್ಟಡದಲ್ಲಿ ಕೊಳವೆ ಶುರುವಾಗುವ ಜಾಗದಲ್ಲಿ ಚಿತ್ರಕಾರ ತೂತುಗಳಿರುವ ಒಂದು ದುಂಡು ಬಿಲ್ಲೆಯನ್ನು ಬರೆದಿದ್ದಾನೆ. ನಾನು ಅದನ್ನು ಇಷ್ಟು ದಿನ ಅಲಂಕಾರ ಎಂದುಕೊಂಡಿದ್ದೆ.

ಗಾಳಿಯ ವಿಷಯ ಚಿತ್ರದಲ್ಲಿ ಎಲ್ಲೂ ಬರೆದಿಲ್ಲ. ಆದರೆ ಮೇಲೆ ತೆರೆದ ತೊಟ್ಟಿ ಇದ್ದಲ್ಲಿ ಗಾಳಿ ತಾನಾಗಿ ಹೊರಗೆ ಹೋಗುತ್ತದೆ ಎಂಬ ನಿಮ್ಮ ತರ್ಕವನ್ನು ಅಲ್ಲಗಳೆಯಲು ನನಗೆ ಕಾರಣ ಕಾಣುವುದಿಲ್ಲ.

ನೀರಗಂಟಿ:

ಅದರ ಜೊತೆಗೆ ಮೂರನೆಯ ಪ್ರಯೋಜನವನ್ನೂ ಸೇರಿಸುತ್ತೇನೆ. ಉದ್ದದ ಕೊಳವೆಯನ್ನು ತೊಟ್ಟಿಗಳಿಂದ ತುಂಡು ಮಾಡಿದರೆ ಸೋರಿಕೆ ಎಲ್ಲಿದೆ ಎಂದು ಹುಡುಕುವುದು ಸುಲಭ. ಎರಡನೆಯ ತೊಟ್ಟಿಯಲ್ಲಿ ನೀರಿದ್ದು ಮೂರನೆಯದರಲ್ಲಿ ಇಲ್ಲವಾದರೆ ಆ ನಡುವಿನ ಹೊಲವನ್ನು ಅಗೆದರೆ ಸಾಕು.

ಕೊಳವೆ ಮಾಡುವ ಬಗೆಯನ್ನೂ ಹೇಳಿಬಿಡುತ್ತೇನೆ. ಸೀಸವನ್ನು ಕರಗಿಸಿ ಮರಳು ಹಾಸಿದ ಹಾಸಿನ ಮೇಲೆ ಹೊಯ್ದು ಹಾಳೆ ಮಾಡುತ್ತಿದ್ದರು. ಹಾಳೆಯನ್ನು ಉದ್ದಕ್ಕೆ ಪಟ್ಟಿಗಳಾಗಿ ಕತ್ತರಿಸಿ, ಮರದ ಗುಂಡುಕೋಲಿನ ಸುತ್ತ ಬಡಿದು ಬಗ್ಗಿಸಿ, ಕೂಡುವ ಅಂಚಿನುದ್ದಕ್ಕೂ ಬೆಸುಗೆ ಹಾಕುತ್ತಿದ್ದರು. ಹೀಗೆ ಮಾಡಿದ ಕೊಳವೆಯ ಅಡ್ಡಕೊಯ್ತ ಪೂರ್ತಿ ದುಂಡಗಿರದೆ ಬೆಸುಗೆಯ ಕಡೆ ಸ್ವಲ್ಪ ಚೂಪಾಗಿರುತ್ತದೆ. ಹಳೆಯ ಮಠಗಳ ನೆಲದಲ್ಲಿ ಸಿಕ್ಕ ಕೊಳವೆಗಳನ್ನು ಇದರಿಂದಲೇ ಗುರುತಿಸಬಹುದು. ಚರ್ಚಿನ ಚಾವಣಿಗೆ ಸೀಸದ ಹಾಳೆ ಹೊದಿಸುವ ಕುಶಲಕರ್ಮಿಗಳಿಗೆ ಇದು ಹೊಸ ವಿದ್ಯೆಯಲ್ಲ. ಲ್ಯಾಟಿನ್‌ನಲ್ಲಿ ಸೀಸಕ್ಕೆ ‘ಪ್ಲಂಬಂ’ ಎನ್ನುತ್ತಾರೆ. ನಮ್ಮ ಬೀದಿಯ ಪ್ಲಂಬರ್ ಈಗ ಪಿವಿಸಿಯನ್ನು ಮಾತ್ರ ಮುಟ್ಟಿದರೂ ಅವನ ಹೆಸರಿನಲ್ಲಿ ಆ ಸೀಸ ಇನ್ನೂ ಉಳಿದಿದೆ.

ಪಡಸಾಲೆ:

ಸೀಸ ವಿಷವಲ್ಲವೇ? ಇಡೀ ಮಠ ದಿನವೂ ಅದನ್ನೇ ಕುಡಿಯಿತೇ?

ನೀರಗಂಟಿ:

ವಿಷವೇ. ರೋಮಿನ ವಿಟ್ರೂವಿಯಸ್ ಕ್ರಿಸ್ತಪೂರ್ವ ಕಾಲದಲ್ಲೇ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರು ಆರೋಗ್ಯಕರ ಎಂದು ಬರೆದಿದ್ದ. ಎರಡು ಸಂಗತಿಗಳು ಅಪಾಯವನ್ನು ತಗ್ಗಿಸುತ್ತವೆ. ಸುಣ್ಣದಂಶ ಹೆಚ್ಚಿರುವ ಗಡಸು ನೀರು ಕೊಳವೆಯ ಒಳಮೈಗೆ ತೆಳ್ಳನೆಯ ಪದರ ಕಟ್ಟುತ್ತದೆ. ಕೆಂಟ್ ಪ್ರದೇಶದ ನೀರು ಗಡಸಿನದೇ. ಎರಡನೆಯದಾಗಿ, ಈ ವ್ಯವಸ್ಥೆಯಲ್ಲಿ ನೀರು ನಿಲ್ಲದೆ ಹರಿಯುತ್ತಿತ್ತು. ಸೀಸ ಹೆಚ್ಚು ಕರಗುವುದು ಕೊಳವೆಯಲ್ಲಿ ರಾತ್ರಿಯಿಡೀ ನಿಂತ ನೀರಿಗೆ. ಅಪಾಯ ಇರಲಿಲ್ಲ ಎಂದು ಇದರ ಅರ್ಥವಲ್ಲ.

ಬೆಳದಿಂಗಳು:

ಈ ಶುದ್ಧ ನೀರಿನ ದೆಸೆಯಿಂದಲೇ 14ನೇ ಶತಮಾನದ ಮಹಾಪ್ಲೇಗಿನಲ್ಲಿ ಕ್ಯಾಂಟರ್ಬರಿ ಮಠದ ಸನ್ಯಾಸಿಗಳು ಹೆಚ್ಚಾಗಿ ಸಾಯಲಿಲ್ಲ ಎಂದು ಎಲ್ಲೋ ಓದಿದ ನೆನಪು. ವಿಬರ್ಟನ ದೂರದೃಷ್ಟಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಓಲೆಗರಿ:

ಬೆಳದಿಂಗಳು ಅವರೇ, ಈ ಮಾತು ಹಲವು ಕಡೆ ಓಡಾಡುತ್ತದೆ, ಆದರೆ ಅದರ ತರ್ಕ ನಿಲ್ಲುವುದಿಲ್ಲ. ಪ್ಲೇಗು ನೀರಿನಿಂದ ಹರಡುವ ರೋಗವಲ್ಲ. ಚಿಗಟಗಳಿಂದ, ಶ್ವಾಸಕೋಶಕ್ಕೆ ತಗುಲಿದರೆ ರೋಗಿಯ ಉಸಿರಿನಿಂದ ಹರಡುತ್ತದೆ. ಕೊಳವೆ ನೀರು ಬೇಧಿಯನ್ನೋ ಹೊಟ್ಟೆಯ ಜ್ವರಗಳನ್ನೋ ತಗ್ಗಿಸಿರಬಹುದು. 1348–49ರ ಮಾರಿಗೆ ಅದನ್ನು ಔಷಧಿ ಮಾಡಲಾಗದು. ಸನ್ಯಾಸಿಗಳು ನೀರನ್ನು ತಂದದ್ದು ಆರೋಗ್ಯಶಾಸ್ತ್ರ ಓದಿ ಅಲ್ಲ ಎಂಬುದನ್ನೂ ನೆನಪಿಡಬೇಕು. ಅವರ ದಿನಚರಿಯೇ ನೀರು ಕೇಳುತ್ತಿತ್ತು. ಊಟದ ಮನೆಗೆ ಹೋಗುವ ಮುಂಚೆ ಕೈ ತೊಳೆಯಬೇಕು. ಅದಕ್ಕೇ ತೊಟ್ಟಿ ಊಟದ ಮನೆಯ ಬಾಗಿಲಿನ ಬಳಿ ಇದೆ. ಪಾದ ತೊಳೆಯುವ ವಿಧಿ ಬೇರೆ. ಆರನೇ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿಯ 66ನೇ ಅಧ್ಯಾಯದಲ್ಲಿ, ಸಾಧ್ಯವಾದರೆ ನೀರು, ಗಿರಣಿ, ತೋಟ ಮುಂತಾದವೆಲ್ಲ ಮಠದ ಆವರಣದ ಒಳಗೇ ಇರಬೇಕು, ಸನ್ಯಾಸಿಗಳು ಹೊರಗೆ ಅಲೆಯುವ ಪ್ರಸಂಗ ಬರಬಾರದು ಎಂದಿದೆ. ಒರತೆ ಗೋಡೆಯ ಹೊರಗಿದ್ದರೆ ಏನು ಮಾಡಬೇಕು? ಒರತೆಯನ್ನೇ ಕೊಳವೆಯ ಮೂಲಕ ಒಳಗೆ ಕರೆಯಬೇಕು. ಸ್ನಾನದ ವಿಷಯಕ್ಕೆ ಬಂದರೆ ಅದೇ ನಿಯಮಾವಳಿ ರೋಗಿಗಳಿಗೆ ಬೇಕಾದಾಗಲೆಲ್ಲ ಸ್ನಾನ ಕೊಡಿ, ಆರೋಗ್ಯವಂತರಿಗೆ, ಅದರಲ್ಲೂ ಎಳೆಯರಿಗೆ, ಅಪರೂಪಕ್ಕೆ ಕೊಡಿ ಎನ್ನುತ್ತದೆ. ದಿನವೂ ಮೀಯುವ ನಮ್ಮ ಕಣ್ಣಿಗೆ ಇದು ವಿಚಿತ್ರ.

ಹಸ್ತಪ್ರತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಈಡ್ವಿನ್ ಸಾಲ್ಟರ್ ಎಂಬುದು ಕೀರ್ತನೆಗಳ ಪುಸ್ತಕ. ಅದರಲ್ಲಿ ಮೂರು ಲ್ಯಾಟಿನ್ ಪಾಠಗಳು, ಹಳೆಯ ಇಂಗ್ಲಿಷಿನ ಮತ್ತು ಆಂಗ್ಲೋ-ನಾರ್ಮನ್ ಭಾಷೆಯ ಅನುವಾದಗಳು ಒಂದೇ ಪುಟದಲ್ಲಿ ಇವೆ. ಇಷ್ಟು ಘನವಾದ ಧಾರ್ಮಿಕ ಗ್ರಂಥದ ಬೆನ್ನಿಗೆ ಕೊಳವೆಗಳ ನಕ್ಷೆ ಏಕೆ ಸೇರಿತು ಎಂಬುದು ವಿದ್ವಾಂಸರನ್ನು ಕಾಡಿದ ಪ್ರಶ್ನೆ. ರಿಪೇರಿಯ ಅನುಕೂಲಕ್ಕೆ ಬರೆದ ನಕ್ಷೆ ಎನ್ನುವವರಿದ್ದಾರೆ. ವಿಬರ್ಟನ ಸಾಧನೆಯ ಸ್ಮಾರಕ ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಅಗೆಯಲು ಹೊರಟ ಆಳಿಗೆ ಬೇಕಾದ ಅಳತೆ ಆ ಚಿತ್ರದಲ್ಲಿ ಇಲ್ಲ, ಕಟ್ಟಡಗಳನ್ನು ಮಲಗಿಸಿದಂತೆ ಬೇರೆ ಬೇರೆ ದಿಕ್ಕಿಗೆ ತೋರಿಸಲಾಗಿದೆ, ಆದರೆ ಕೆಥೆಡ್ರಲ್ಲಿನ ಗೋಪುರಗಳನ್ನು ಮಾತ್ರ ಬಹಳ ಪ್ರೀತಿಯಿಂದ ಬರೆಯಲಾಗಿದೆ.

ಹಳೆಗಲ್ಲು:

ಓಲೆಗರಿಯವರೇ, ಇಲ್ಲಿ ನಿಮ್ಮೊಡನೆ ಅರ್ಧ ಮಾತ್ರ ಒಪ್ಪುತ್ತೇನೆ. ಅಳತೆ ಇಲ್ಲ ನಿಜ. ಆದರೆ ಯಾವ ಕೊಳವೆ ಯಾವ ಕೊಳವೆಯ ಮೇಲೆ ಹಾದುಹೋಗುತ್ತದೆ, ಯಾವ ತೊಟ್ಟಿಯಿಂದ ಯಾವ ಮನೆಗೆ ಕವಲು ಹೋಗುತ್ತದೆ ಎಂಬುದನ್ನು ತಪ್ಪದೆ ತೋರಿಸಲಾಗಿದೆ; ಒಳಬರುವ ನೀರಿಗೂ ಹೊರಹೋಗುವ ನೀರಿಗೂ ಬೇರೆ ಬೇರೆ ಬಣ್ಣ. ಬರೀ ಸ್ಮಾರಕಕ್ಕೆ ಇಷ್ಟು ಜತನ ಬೇಕಿರಲಿಲ್ಲ. ಇವತ್ತಿನ ವಿದ್ಯುತ್ ಸರ್ಕ್ಯೂಟ್ ಚಿತ್ರದಲ್ಲೂ ತಂತಿಯ ಉದ್ದ ಇರುವುದಿಲ್ಲ, ಸಂಬಂಧ ಮಾತ್ರ ಇರುತ್ತದೆ.

ಒಂದು ಮಾತು ಇಬ್ಬರಿಗೂ ಸಲ್ಲುತ್ತದೆ. 1174ರ ಬೆಂಕಿಯಲ್ಲಿ ಕೆಥೆಡ್ರಲ್ಲಿನ ಪೂರ್ವಭಾಗ ಸುಟ್ಟುಹೋಯಿತು. ಚಿತ್ರ ಅದಕ್ಕಿಂತ ಹಿಂದಿನದು. ಹೀಗಾಗಿ ನೀರಿನ ಸಲುವಾಗಿ ಬರೆದ ಚಿತ್ರವೇ ಸುಟ್ಟುಹೋದ ಕಟ್ಟಡದ ರೂಪಕ್ಕೂ ಸಾಕ್ಷಿಯಾಯಿತು. ಕೇಂಬ್ರಿಜ್ಜಿನ ರಾಬರ್ಟ್ ವಿಲ್ಲಿಸ್ 19ನೇ ಶತಮಾನದಲ್ಲಿ ಈ ಮಠದ ಕಟ್ಟಡಗಳನ್ನು ಒಂದೊಂದಾಗಿ ಗುರುತಿಸಿದ್ದು ಇದನ್ನು ಕೈಯಲ್ಲಿ ಹಿಡಿದೇ.

ಪಡಸಾಲೆ:

ಕೊಳವೆ, ತೊಟ್ಟಿ, ಬೆಸುಗೆ ಎಲ್ಲ ಅರ್ಥವಾಯಿತು. ನನಗೆ ಇನ್ನೂ ಉತ್ತರ ಸಿಗದ ಪ್ರಶ್ನೆ ಎಂದರೆ ಹಕ್ಕಿನದು. ನಮ್ಮ ಊರಿನಲ್ಲಿ ಪಕ್ಕದ ಜಮೀನಿನ ಬದುವಿನ ಮೇಲೆ ಒಂದು ಪೈಪು ಹಾಕಬೇಕಾದರೆ ಪಂಚಾಯಿತಿ ಸೇರಬೇಕು. ಮಧ್ಯಯುಗದ ಸನ್ಯಾಸಿಗಳು ಇನ್ನೊಬ್ಬರ ಹೊಲ, ತೋಟಗಳ ನಡುವೆ ಹೇಗೆ ಕೊಳವೆ ಎಳೆದರು? ಒರತೆ ಯಾರದ್ದು? ನೀರು ‘ಪಡೆದರು’ ಎಂದರೆ ಮೊದಲು ಇದಕ್ಕೆ ಉತ್ತರ ಬೇಕು.

ಓಲೆಗರಿ:

ಇಡೀ ಚರ್ಚೆಯ ತಿರುಳು ಇಲ್ಲಿದೆ ಎಂದು ನನ್ನ ಭಾವನೆ. ಕೊಳವೆಯ ವಿದ್ಯೆಯನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ಒರತೆಯನ್ನೂ ದಾರಿಯನ್ನೂ ಬೇಡಿ ಪಡೆಯಬೇಕಿತ್ತು. ಇದಕ್ಕೆ ಕ್ಯಾಂಟರ್ಬರಿಗಿಂತ ಸ್ಪಷ್ಟವಾದ ಉದಾಹರಣೆ ಲಂಡನ್ನಿನ ಚಾರ್ಟರ್‌ಹೌಸ್. ಇದು 1371ರಲ್ಲಿ ಸರ್ ವಾಲ್ಟರ್ ಮ್ಯಾನಿ ಎಂಬ ಸೇನಾನಿ ಸ್ಥಾಪಿಸಿದ ಕಾರ್ತೂಸಿಯನ್ ಮಠ. ಅದು ನಿಂತ ನೆಲದ ಪಕ್ಕದಲ್ಲೇ 1349ರ ಪ್ಲೇಗಿನ ಸ್ಮಶಾನವಿತ್ತು ಎಂಬುದನ್ನು ಬೆಳದಿಂಗಳು ಅವರ ಗಮನಕ್ಕೆ ತರುತ್ತೇನೆ. ಅಂಥ ನೆಲದ ಬಾವಿ ನೀರು ಯಾರಿಗೆ ತಾನೇ ರುಚಿಸೀತು! ಆದರೂ ಸುಮಾರು ಅರವತ್ತು ವರ್ಷ ಅವರಿಗೆ ಕೊಳವೆ ನೀರು ಬರಲಿಲ್ಲ. 1430ರಲ್ಲಿ ಜಾನ್ ಫೆರಿಬಿ ಮತ್ತು ಅವನ ಹೆಂಡತಿ ಮಾರ್ಜರಿ ಇಸ್ಲಿಂಗ್ಟನ್ನಿನ ತಮ್ಮ ಹುಲ್ಲುಗಾವಲಿನಲ್ಲಿದ್ದ ಒರತೆಯನ್ನು ಮಠಕ್ಕೆ ಕೊಟ್ಟರು. ವರ್ಷಕ್ಕೆ 12 ಪೆನ್ಸ್ ಕಂದಾಯ. ಒರತೆ ಸಿಕ್ಕರೆ ಸಾಕೇ? ದಾರಿಯಲ್ಲಿ ಸೇಂಟ್ ಜಾನ್ ಪಂಥದ ಧರ್ಮಯೋಧರ ಜಮೀನು, ಕ್ಲರ್ಕನ್‌ವೆಲ್ಲಿನ ಸನ್ಯಾಸಿನಿಯರ ಜಮೀನು ಇದ್ದವು. ಅವರ ಒಪ್ಪಿಗೆಯನ್ನೂ ಪಡೆದು ಕೊಳವೆ ಹೂಳಿದರು. ಆ ಹಾದಿಯನ್ನು ತೋರಿಸುವ 15ನೇ ಶತಮಾನದ ಚರ್ಮದ ಸುರುಳಿಯೂ ಉಳಿದಿದೆ, ಅದರಲ್ಲಿ ಯಾವ ಜಾಗದಲ್ಲಿ ಕೊಳವೆ ಹೇಗೆ ತಿರುಗುತ್ತದೆ ಎಂಬ ಟಿಪ್ಪಣಿಗಳಿವೆ. ಹಳೆಗಲ್ಲು ಅವರು ಹೇಳುವ ‘ರಿಪೇರಿಯ ನಕ್ಷೆ’ ಎಂಬ ಮಾತು ಕ್ಯಾಂಟರ್ಬರಿಗಿಂತ ಈ ಸುರುಳಿಗೆ ಚೆನ್ನಾಗಿ ಒಪ್ಪುತ್ತದೆ.

ಎರಡೂ ಮಠಗಳ ಜೀವನಕ್ರಮದ ವ್ಯತ್ಯಾಸವೂ ಕೊಳವೆಯಲ್ಲೇ ಕಾಣುತ್ತದೆ. ಕ್ಯಾಂಟರ್ಬರಿಯವರು ಒಟ್ಟಿಗೆ ಮಲಗಿ, ಒಟ್ಟಿಗೆ ಉಂಡು, ಒಂದೇ ತೊಟ್ಟಿಯಲ್ಲಿ ಕೈ ತೊಳೆಯುವವರು. ಕಾರ್ತೂಸಿಯನ್ನರು ತಮ್ಮ ತಮ್ಮ ಕುಟೀರಗಳಲ್ಲಿ ಮೌನವಾಗಿ ಒಬ್ಬೊಬ್ಬರೇ ಇರುವವರು. ಹಾಗಾಗಿ ಚಾರ್ಟರ್‌ಹೌಸಿನ ನೀರು ಅಂಗಳದ ನಡುವಿನ ಕಟ್ಟಡಕ್ಕೆ ಬಂದು, ಅಲ್ಲಿಂದ ಸುತ್ತಲಿನ ಕುಟೀರಗಳಿಗೆ ಬೇರೆ ಬೇರೆಯಾಗಿ ಹಂಚಿಹೋಗುತ್ತಿತ್ತು.

ಸೌತಾಂಪ್ಟನ್ನಿನ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿಗಳಿಗೆ 1290ರಲ್ಲಿ ಶರ್ಲಿಯ ಜಮೀನ್ದಾರ ನಿಕೊಲಸ್ ಒಂದು ಒರತೆಯನ್ನು ದಾನ ಕೊಟ್ಟ. 1310ರಲ್ಲಿ ಅವರು ಮಿಕ್ಕ ನೀರನ್ನು ಪಟ್ಟಣದವರಿಗೆ ಬಿಟ್ಟುಕೊಟ್ಟರು. 1420ರ ಹೊತ್ತಿಗೆ ಕೊಳವೆಗಳನ್ನು ನೋಡಿಕೊಳ್ಳುವುದು ಅವರಿಂದ ಆಗದೆ ಇಡೀ ವ್ಯವಸ್ಥೆಯೇ ಪಟ್ಟಣದ ಕೈಗೆ ಹೋಯಿತು.

ಅಬ್ಬಿಮನೆ:

ದಾನ ಕೊಟ್ಟವರ ಹೆಸರು ದಾಖಲೆಯಲ್ಲಿ ಉಳಿದಿದೆ, ಕೊನೆಗೆ ನೋಡಿಕೊಳ್ಳಲಾಗದೆ ಬಿಟ್ಟುಕೊಟ್ಟರು ಎಂಬುದೂ ಉಳಿದಿದೆ. ನಡುವಿನ ನೂರಮೂವತ್ತು ವರ್ಷ ಗುದ್ದಲಿ ಹಿಡಿದು ಹೊಲದಲ್ಲಿ ಓಡಾಡಿದವರು ಯಾರೋ. ನಮ್ಮಲ್ಲೂ ಅಬ್ಬಿಯ ಹಕ್ಕು ಪತ್ರದಲ್ಲಿರುವುದು ಅಜ್ಜನ ಹೆಸರಿನಲ್ಲಿ. ಪೈಪಿನ ಪ್ರತಿ ಕೂಡು ಎಲ್ಲಿದೆ ಎಂದು ಗೊತ್ತಿದ್ದದ್ದು ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಮಾತ್ರ.

ಬೆಳದಿಂಗಳು:

ಪ್ಲೇಗಿನ ವಿಷಯದಲ್ಲಿ ತಿದ್ದಿದ್ದಕ್ಕೆ ಓಲೆಗರಿಯವರಿಗೆ ವಂದನೆಗಳು. ಇನ್ನೊಂದು ಸಂದೇಹ. ಎಲ್ಲ ಮಠಗಳೂ ಒರತೆ ಮತ್ತು ಸೀಸದ ಕೊಳವೆಯನ್ನೇ ನಂಬಿದ್ದವೇ? ಫ್ರಾನ್ಸಿನ ಸಿಸ್ಟರ್ಶಿಯನ್ ಮಠಗಳು ನದಿಯ ದಡದಲ್ಲೇ ಇರುವ ಚಿತ್ರಗಳನ್ನು ನೋಡಿದ್ದೇನೆ.

ಹಳೆಗಲ್ಲು:

ಒಳ್ಳೆಯ ಪ್ರಶ್ನೆ. ಸಿಸ್ಟರ್ಶಿಯನ್ನರು ಊರಿಂದ ದೂರ, ಕಣಿವೆಗಳಲ್ಲಿ ನೆಲೆಸಿದವರು. ಅಲ್ಲಿ ಮೇಲ್ಹರಿವಿನಲ್ಲಿ ಯಾರೂ ಇಲ್ಲದ ಕಾರಣ ನದಿಯನ್ನೇ ತಿರುಗಿಸಿಕೊಳ್ಳಬಹುದಿತ್ತು. ಕ್ಲೇರ್ವೋ ಮಠದ ಬಗ್ಗೆ ಆ ಕಾಲದವರೊಬ್ಬರು ಬರೆದ ವರ್ಣನೆ ಇದೆ: ಓಬ್ ನದಿಯಿಂದ ತೆಗೆದ ಕಾಲುವೆ ಗೋಡೆಯೊಳಗೆ ಬಂದು ಮೊದಲು ಹಿಟ್ಟಿನ ಗಿರಣಿ ತಿರುಗಿಸುತ್ತದೆ, ಬಿಯರ್ ಕುದಿಸುವ ಹಂಡೆ ತುಂಬುತ್ತದೆ, ಬಟ್ಟೆ ಹದ ಮಾಡುವ ಕೊಡತಿಗಳನ್ನು ಎತ್ತಿ ಇಳಿಸುತ್ತದೆ, ಚರ್ಮದ ಕೆಲಸಕ್ಕೆ ಹೋಗುತ್ತದೆ, ಕೊನೆಗೆ ಕೊಳೆಯನ್ನೆಲ್ಲ ಹೊತ್ತುಕೊಂಡು ನದಿಗೆ ಮರಳುತ್ತದೆ. ಬರೆದವರು ನದಿಯನ್ನು ಮಠದ ಒಬ್ಬ ದುಡಿಮೆಗಾರನಂತೆಯೇ ಕಂಡಿದ್ದಾರೆ. ಅಲ್ಲಿ ಬೇಕಿದ್ದದ್ದು ಶಕ್ತಿ. ಕ್ಯಾಂಟರ್ಬರಿಯಲ್ಲಿ ಬೇಕಿದ್ದದ್ದು ಶುಚಿ. ಹಾಗೆಂದು ಸಿಸ್ಟರ್ಶಿಯನ್ನರಿಗೆ ಕುಡಿಯುವ ನೀರಿನ ಚಿಂತೆ ಇರಲಿಲ್ಲ ಎಂದಲ್ಲ. ಇಂಗ್ಲೆಂಡಿನ ವೇವರ್ಲಿ ಮಠದಲ್ಲಿ 13ನೇ ಶತಮಾನದ ಆರಂಭದಲ್ಲಿ ಕೈತೊಳೆಯುವ ತೊಟ್ಟಿಯ ಒರತೆ ಬತ್ತಿಹೋದಾಗ ಸೈಮನ್ ಎಂಬ ಸನ್ಯಾಸಿ ಬಹಳ ಕಷ್ಟಪಟ್ಟು ಹೊಸ ಒರತೆಗಳನ್ನು ಹುಡುಕಿ ನೆಲದಡಿಯ ನಾಲೆಯಲ್ಲಿ ತಂದ ಎಂದು ಅವರ ವಾರ್ಷಿಕ ದಾಖಲೆಯಲ್ಲೇ ಇದೆ.

ಕ್ಯಾಂಟರ್ಬರಿಯಲ್ಲೂ ನೀರನ್ನು ಒಮ್ಮೆ ಬಳಸಿ ಬಿಡುತ್ತಿರಲಿಲ್ಲ ಎಂಬುದನ್ನು ನನ್ನ ಮೊದಲ ಬರಹದಲ್ಲಿ ಸರಿಯಾಗಿ ಹೇಳಲಿಲ್ಲ. ಕೆರೆಯಿಂದ ಕೆರೆಗೆ ಕೋಡಿ ಬೀಳುವ ಹಾಗೆ ಒಂದು ತೊಟ್ಟಿಯ ಮಿಕ್ಕ ನೀರು ಮುಂದಿನದಕ್ಕೆ. ಮೀನಿನ ಕೊಳದ ಕೋಡಿ ನೀರು ಪ್ರಯರನ ತೊಟ್ಟಿಗೆ, ಅಲ್ಲಿಂದ ಪಾಯಿಖಾನೆಯ ಚರಂಡಿಗೆ. ಒಂದು ಕವಲು ಮಠದವರಲ್ಲದ ಸಾಮಾನ್ಯ ಜನರ ಸ್ಮಶಾನದ ಅಂಗಳದಲ್ಲಿ ಒಂದು ಕಾರಂಜಿಯಾಗಿ ತೆರೆದುಕೊಳ್ಳುತ್ತದೆ.

ನೀರಗಂಟಿ:

ಇದೇ ಪಟ್ಟಣದಲ್ಲಿ ಕೋಟೆಯ ಹೊರಗಿದ್ದ ಸೇಂಟ್ ಅಗಸ್ಟೀನ್ ಮಠ ತನ್ನದೇ ಬೇರೆ ಒರತೆಯಿಂದ ನೀರು ತಂದುಕೊಂಡಿತ್ತು. ಅದರ ನೀರುಮನೆಯ ಅವಶೇಷವನ್ನು ಗುಡ್ಡದ ಮೇಲೆ ಈಗಲೂ ನೋಡಬಹುದು. ಅಕ್ಕಪಕ್ಕದ ಎರಡು ಮಠಗಳು, ಎರಡು ಒರತೆ, ಎರಡು ಕೊಳವೆ. ಒಂದೇ ಯೋಜನೆ ಮಾಡಬಹುದಿತ್ತಲ್ಲ ಎಂದು ನನ್ನೊಳಗಿನ ಎಂಜಿನಿಯರ್ ಕೇಳುತ್ತಾನೆ. ಆದರೆ ಆ ಎರಡು ಮಠಗಳ ನಡುವಿನ ಹಳೆಯ ಪೈಪೋಟಿ ತಿಳಿದವರು ಕೇಳುವುದಿಲ್ಲ.

ಓಲೆಗರಿ:

ಇನ್ನೊಂದು ಕಾಕತಾಳೀಯ. ಕ್ಯಾಂಟರ್ಬರಿಯ ಈ ಚಿತ್ರ ಈಗ ಇರುವುದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ. ಅದೇ ಕಾಲೇಜಿನ ದೊಡ್ಡ ಅಂಗಳದ ಕಾರಂಜಿಗೆ ನೀರು ಬಂದದ್ದು 1325ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಊರ ಪಶ್ಚಿಮದ ಒರತೆಯಿಂದ ಹಾಕಿದ ಕೊಳವೆಯಲ್ಲಿ. ಸನ್ಯಾಸಿಗಳ ಮಠ ಹೋಯಿತು, ಕೊಳವೆ ಕಾಲೇಜಿಗೆ ಉಳಿಯಿತು. ನಮ್ಮ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಓಡಾಡಿದ ಅಂಗಳವೂ ಅದೇ.

ಪಡಸಾಲೆ:

ಕೊನೆಯದಾಗಿ ಒಂದು. ಅಬ್ಬಿಮನೆಯವರ ಪತ್ರ ಓದಿದ ಮೇಲೆ ಇದು ತಲೆಯಲ್ಲಿ ಕೂತಿದೆ. ಕೊಳವೆ ಒಡೆಯಿತು, ಅಥವಾ ಒರತೆ ಬತ್ತಿತು ಎಂದಿಟ್ಟುಕೊಳ್ಳೋಣ. ನೂರಾರು ಜನರಿರುವ ಮಠ ಆ ದಿನ ಏನು ಮಾಡುತ್ತಿತ್ತು?

ಹಳೆಗಲ್ಲು:

ಅದಕ್ಕೂ ಚಿತ್ರದಲ್ಲಿ ಉತ್ತರ ಇದೆ, ಅದೂ ಬರವಣಿಗೆಯಲ್ಲಿ. ರೋಗಿಗಳ ಮನೆಯ ಬದಿಯ ಅಂಗಳದಲ್ಲಿ ಒಂದು ಬಾವಿಯನ್ನೂ ಅದರ ಪಕ್ಕದಲ್ಲಿ ಒಂದು ಟೊಳ್ಳು ಕಂಬವನ್ನೂ ಬರೆದಿದ್ದಾರೆ. ಕಂಬದ ಬಳಿಯ ಲ್ಯಾಟಿನ್ ಟಿಪ್ಪಣಿಯ ಸಾರ ಇಷ್ಟು: ಕೊಳವೆಯ ನೀರು ನಿಂತುಹೋದರೆ ಬಾವಿಯಿಂದ ಸೇದಿ ಈ ಕಂಬದೊಳಗೆ ಹೊಯ್ಯಬೇಕು, ಆಗ ಅದು ಎಲ್ಲ ಮನೆಗಳಿಗೂ ತಲುಪುತ್ತದೆ.

ನೀರಗಂಟಿ:

ಎಂದರೆ ಹಂಚಿಕೆಯ ಕೊಳವೆಗಳು ಅವೇ, ಮೂಲ ಮಾತ್ರ ಬದಲು. ಬಕೆಟ್ ಹಿಡಿದು ಅಡುಗೆಮನೆ, ಬಿಯರ್ ಮನೆ, ತೊಟ್ಟಿ ಎಂದು ಓಡಾಡುವ ಬದಲು ಒಂದೇ ಜಾಗದಲ್ಲಿ ನಿಂತು ಸೇದಿ ಹೊಯ್ದರೆ ಸಾಕು. ಕಂಬದ ಎತ್ತರವೇ ಒತ್ತಡ ಕೊಡುತ್ತದೆ. ಪರ್ಯಾಯ ಮೂಲವನ್ನು ಯೋಜನೆಯ ಒಳಗೇ ಸೇರಿಸಬೇಕು ಎಂದು ನಾವು ಎಷ್ಟೋ ಸಭೆಗಳಲ್ಲಿ ವಾದಿಸಿ ಸೋತಿದ್ದೇವೆ. ವಿಬರ್ಟನ ಕಡೆಯವರು ವಾದಿಸದೆ ಕಂಬ ನಿಲ್ಲಿಸಿಬಿಟ್ಟಿದ್ದಾರೆ.

ಅಬ್ಬಿಮನೆ:

ನಮ್ಮ ಮನೆಯ ಹಿಂದೆಯೂ ಬಾವಿ ಇದೆ. ಅಬ್ಬಿ ನಿಂತ ದಿನ ಅದರ ನೀರನ್ನು ಇಷ್ಟು ವರ್ಷ ಕೊಡಪಾನದಲ್ಲಿ ಒಳಗೆ ಹೊತ್ತಿದ್ದೇವೆ. ಅಬ್ಬಿ ಪೈಪು ಬಂದು ಬೀಳುವ ತೊಟ್ಟಿ ಬಾವಿಕಟ್ಟೆಯಿಂದ ಎಂಟು ಅಡಿ ದೂರ ಇರಬಹುದು. ನಾಳೆ ಬೆಳಗ್ಗೆ ಅಳೆದು ನೋಡುತ್ತೇನೆ.